ಮರುತುಂಬಿದ ತೋಟಾ ಮತ್ತು ತ್ರೀ ನಾಟ್ ತ್ರೀ ರೈಫಲ್‌ನ ತೊಂದರೆಗಳು

ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಅಚ್ಚಿಗೊತ್ತಿ ಆಕಾರಕ್ಕೆ ತಂದು, ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ಕೂಡಿಸಿದರೆ ಅದು ಮರುತುಂಬಿದ ತೋಟಾ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳ ಗುರಿಗಾರರಲ್ಲಿ ಇದು ಹಳೆಯ ರೂಢಿ. ಇಂಥ ತೋಟಾ ಹಾಕಿದಾಗ ಬೋಲ್ಟ್ ಬಿಗಿದುಕೊಂಡರೆ ಬೈಗುಳ ಬೀಳುವುದು ರೈಫಲ್‌ಗೆ. ಸಾಕ್ಷಿ ಮಾತ್ರ ಬಹುಪಾಲು ಖಾಲಿ ಕೇಸಿನ ಮೈಮೇಲೆಯೇ ಇರುತ್ತದೆ.

ಇದಕ್ಕೆ ಲೀ-ಎನ್‌ಫೀಲ್ಡ್ ರೈಫಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 1895ರಲ್ಲಿ ಬ್ರಿಟಿಷ್ ಸೇನೆಗೆ ಬಂದು, ಮುಂದೆ ಬಂಗಾಳದ ಇಷಾಪುರದಲ್ಲೂ ತಯಾರಾಗಿ, ನಮ್ಮ ಪೊಲೀಸ್ ಪೇದೆಗಳ ಹೆಗಲ ಮೇಲೆ ದಶಕಗಟ್ಟಲೆ ಉಳಿದ ‘ತ್ರೀ ನಾಟ್ ತ್ರೀ’ ಇದೇ. ಕಂದಕದ ಕೆಸರು, ಮರಳುಗಾಡಿನ ದೂಳು ಮೆತ್ತಿಕೊಂಡ ತೋಟಾ ಕೂಡ ಸಲೀಸಾಗಿ ಒಳಹೋಗಲೆಂದು ಇದರ ಚೇಂಬರನ್ನು, ಎಂದರೆ ತೋಟಾ ಕೂರುವ ಗೂಡನ್ನು, ಸಡಿಲವಾಗಿಯೇ ಕೊರೆದರು. ತೋಟಾವನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಬುಡದ ಅಂಚು. ಕೇಸು ಕತ್ತಿನತ್ತ ಕಿರಿದಾಗುವ ‘ಭುಜ’ದ ಮುಂದೆ ಖಾಲಿ ಜಾಗ ಉಳಿಯುತ್ತದೆ. ಸಾಲದ್ದಕ್ಕೆ ಬೋಲ್ಟ್‌ನ ಬೀಗದ ಕಿವಿಗಳು ಹಿಂಭಾಗದಲ್ಲಿವೆ, ಹಾಗಾಗಿ ಗುಂಡು ಹಾರುವ ಗಳಿಗೆಯಲ್ಲಿ ಬೋಲ್ಟ್ ತುಸು ಕುಗ್ಗುತ್ತದೆ. ಮೊದಲ ಸಲ ಹಾರಿಸಿದಾಗಲೇ ಹಿತ್ತಾಳೆ ಉಬ್ಬಿ, ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಸೈನಿಕನಿಗೆ ಇದರಿಂದ ನಷ್ಟವಿಲ್ಲ; ಅವನು ಕೇಸನ್ನು ಮರುಬಳಸುವವನಲ್ಲ. ಹವ್ಯಾಸಿಯ ಗೋಳು ಶುರುವಾಗುವುದು ಅಲ್ಲಿಂದ. ಪ್ರತಿ ಸಲವೂ ಅಚ್ಚು ಭುಜವನ್ನು ಹಿಂದಕ್ಕೆ ತಳ್ಳುತ್ತದೆ, ಪ್ರತಿ ಸಲವೂ ಹೊಡೆತ ಅದನ್ನು ಮುಂದಕ್ಕೆ ಒಯ್ಯುತ್ತದೆ. ಬುಡಕ್ಕೆ ತುಸು ಮೇಲೆ ಗೋಡೆ ತೆಳುವಾಗುತ್ತಾ, ಹೊರಗಡೆ ಹೊಳೆಯುವ ಉಂಗುರವೊಂದು ಮೂಡುತ್ತದೆ. ಮುಂದಿನ ಹೊಡೆತಕ್ಕೆ ಬುಡವಷ್ಟೇ ಹೊರಬಂದು, ಉಳಿದ ಕೊಳವೆ ಚೇಂಬರಿನಲ್ಲೇ ಕೂತುಬಿಡಬಹುದು. ಅದನ್ನು ಎಳೆಯಲು ಬೇರೆಯೇ ಸಾಧನ ಬೇಕು. ಅನುಭವಿಗಳು ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಇಳಿಸಿ ಗೋಡೆಯನ್ನು ಸವರಿ ನೋಡುತ್ತಾರೆ. ಗೀರು ತಡೆದರೆ ಆ ಕೇಸು ಗುಜರಿಗೆ.

ಲೀ-ಎನ್‌ಫೀಲ್ಡ್‌ನ ನಂ. 4 ಮಾದರಿಯಲ್ಲಿ 0ಯಿಂದ 3ರವರೆಗೆ ಅಂಕೆಯಿರುವ ಬೋಲ್ಟ್ ತಲೆಗಳಿವೆ. ದೊಡ್ಡ ಅಂಕೆಯದನ್ನು ತಿರುಗಿಸಿ ಕೂರಿಸಿದರೆ ಕಾಯಿಲೆ ವಾಸಿಯೆಂದು ನಂಬುವವರು ಹಲವರು. ಅದು ಅಂಚಿನ ಸಡಿಲವನ್ನು ಕಡಿಮೆ ಮಾಡುತ್ತದೆ, ಭುಜದ ಮುಂದಿನ ಜಾಗವನ್ನಲ್ಲ. ಫಲ ಕೊಡುವ ಉಪಾಯ ಬೇರೆ: ಅದೇ ರೈಫಲ್‌ನಲ್ಲಿ ಹಾರಿಸಿದ ಕೇಸಿನ ಕತ್ತನ್ನಷ್ಟೇ ಬಿಗಿಮಾಡಿ, ಭುಜವನ್ನು ಮುಟ್ಟದೆ ಬಿಡುವುದು. ಆ ಕೇಸು ಇನ್ನೊಂದು ರೈಫಲ್‌ಗೆ ಹೊಂದದೇ ಹೋಗಬಹುದು ಎಂಬುದು ಇದರ ಬೆಲೆ.

ಬೋಲ್ಟ್ ಮುಚ್ಚದಿದ್ದರೆ ಮೊದಲು ಕೇಸಿನ ಉದ್ದ ಅಳೆಯಬೇಕು; .303ಕ್ಕೆ ಗರಿಷ್ಠ 2.222 ಅಂಗುಲ. ಉದ್ದ ಮೀರಿದ ಕತ್ತು ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಬಿಡದೆ ಹಿಡಿದು, ಒತ್ತಡವನ್ನು ಏರಿಸುತ್ತದೆ. ಬೋಲ್ಟ್ ತೆರೆಯಲು ಹೆಣಗಾಡಬೇಕಾಗಿ ಬಂದು, ಪ್ರೈಮರ್ ಚಪ್ಪಟೆಯಾಗಿ ಅಂಚಿನಲ್ಲಿ ಮಸಿ ಕಂಡರೆ ಮದ್ದು ಹೆಚ್ಚಾಗಿದೆಯೆಂಬ ಗುಮಾನಿ. ಉಳಿದ ತೋಟಾಗಳನ್ನು ಬಿಚ್ಚುವುದೇ ಲೇಸು. ಮ್ಯಾಗಜೀನಿನಲ್ಲಿ ಸಿಕ್ಕಿಕೊಳ್ಳುವ ತೋಟಾ ಮಾತ್ರ ಹಲವು ಸಲ ನಿರಪರಾಧಿ: ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತಿರುತ್ತದೆ, ಅಷ್ಟೆ.

ಎಲ್ಲಕ್ಕಿಂತ ಅಪಾಯಕಾರಿ ಲಕ್ಷಣ ಸದ್ದಿನದು. ಢಂ ಎನ್ನುವ ಬದಲು ಟುಸ್ ಎಂದರೆ, ಮದ್ದಿಲ್ಲದ ಕೇಸಿನ ಗುಂಡು ನಳಿಗೆಯ ನಡುವೆಯೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು. ಸದ್ದೇ ಬರದಿದ್ದರೆ ರೈಫಲನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಅಮೆರಿಕದ ಎಂ1 ಗ್ಯಾರಂಡ್‌ನಂಥ ಅರೆಸ್ವಯಂಚಾಲಿತ ರೈಫಲ್‌ಗಳ ಕಥೆ ಬೇರೆ. ನಿಧಾನವಾಗಿ ಉರಿಯುವ ಮದ್ದು ಅನಿಲರಂಧ್ರದ ಬಳಿ ಒತ್ತಡ ಹೆಚ್ಚಿಸಿ ಚಾಲಕ ದಂಡವನ್ನೇ ಬಗ್ಗಿಸಬಹುದು. ಪ್ರೈಮರ್ ಪೂರ್ತಿ ಒಳಗೆ ಕೂರದೆ ಎದ್ದು ನಿಂತಿದ್ದರೆ, ಬೋಲ್ಟ್ ಮುಚ್ಚುವ ರಭಸಕ್ಕೆ, ಕುದುರೆ ಎಳೆಯುವ ಮೊದಲೇ ಗುಂಡು ಹಾರಬಹುದು.