ಜಲಮಾಲಿನ್ಯ ಕಾಯ್ದೆ ಮತ್ತು ರಾಜ್ಯ ವಿಧಾನಮಂಡಲಗಳು

ನದಿ, ಹೊಳೆ, ಕೆರೆ ಹಾಗೂ ಅಂತರ್ಜಲ ಕಲುಷಿತವಾಗದಂತೆ ತಡೆಯಲು ಭಾರತದ ಸಂಸತ್ತು ಅಂಗೀಕರಿಸಿದ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ 1974ರ ಮಾರ್ಚ್ 23ರಂದು ಜಾರಿಗೆ ಬಂದಿತು. ಇದನ್ನು 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ಫಲವೆಂದೂ, ಮೊದಲಿನಿಂದಲೇ ದೇಶಕ್ಕೆಲ್ಲ ಅನ್ವಯಿಸಿದ ಕೇಂದ್ರ ಶಾಸನವೆಂದೂ ಬರೆಯುವ ರೂಢಿಯಿದೆಯಾದರೂ ಇವೆರಡೂ ದಾಖಲೆಗೆ ಹೊಂದುವ ಮಾತುಗಳಲ್ಲ. ಮಸೂದೆ 1969ರಲ್ಲಿಯೇ ಸಂಸತ್ತಿನ ಮುಂದಿತ್ತು. ಕಾಯ್ದೆ ಮೊದಲಿಗೆ ಅನ್ವಯಿಸಿದ್ದು ಕೇಂದ್ರಾಡಳಿತ ಪ್ರದೇಶಗಳಿಗೆ ಮತ್ತು ಕರ್ನಾಟಕವೂ ಸೇರಿದಂತೆ 12 ರಾಜ್ಯಗಳಿಗೆ ಮಾತ್ರ.

ಇದಕ್ಕೆ ಕಾರಣ ಸಂವಿಧಾನದಲ್ಲಿಯೇ ಇದೆ. ನೀರು ರಾಜ್ಯಪಟ್ಟಿಗೆ ಸೇರಿದ ವಿಷಯವಾದ್ದರಿಂದ ಒರಿಸ್ಸಾ 1953ರಲ್ಲಿ, ಮಹಾರಾಷ್ಟ್ರ 1969ರಲ್ಲಿ ತಮ್ಮದೇ ಕಾಯ್ದೆಗಳನ್ನು ಮಾಡಿಕೊಂಡಿದ್ದವು. ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಅಂಗೀಕರಿಸಿ ಕೋರಿದರೆ ಇಂಥ ವಿಷಯದಲ್ಲಿಯೂ ಸಂಸತ್ತು ಕಾನೂನು ಮಾಡಬಹುದೆಂದು 252ನೆಯ ವಿಧಿ ಹೇಳುತ್ತದೆ. ಆದರೆ ಹಾಗೆ ಒಮ್ಮೆ ಒಪ್ಪಿದ ರಾಜ್ಯ ಆ ಕಾನೂನನ್ನು ತಾನಾಗಿ ತಿದ್ದುವಂತಿಲ್ಲ, ಸಂಸತ್ತು ಮಾಡಿದ ತಿದ್ದುಪಡಿಯೂ ರಾಜ್ಯದ ನಿರ್ಣಯವಿಲ್ಲದೆ ಅಲ್ಲಿ ನಡೆಯುವುದಿಲ್ಲ. ಕೊಟ್ಟದ್ದು ಒಂದೇ ನಿರ್ಣಯವಾದರೂ ಬಿಟ್ಟುಕೊಟ್ಟದ್ದು ಸಣ್ಣ ಅಧಿಕಾರವಲ್ಲ.

ಕಾಯ್ದೆಯನ್ನು ಜಾರಿಗೊಳಿಸುವ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ 1974ರ ಸೆಪ್ಟೆಂಬರ್ 21ರಂದು ರಚನೆಯಾಯಿತು. ಮಂಡಳಿಯ ಕೆಲಸದ ತಿರುಳು ಮಾದರಿ ಸಂಗ್ರಹದಲ್ಲಿದೆ: ಕಾರ್ಖಾನೆಯ ಕೊಳವೆಯಿಂದ ಹಿಡಿದ ತ್ಯಾಜ್ಯನೀರನ್ನು, ಅಲ್ಲಿನ ಹೊಣೆಗಾರ ಕೇಳಿದರೆ, ಎರಡು ಪಾಲು ಮಾಡಿ ಪಾತ್ರೆಗಳಿಗೆ ಮೊಹರು ಹಾಕಿ, ಅಧಿಕಾರಿ ಮತ್ತು ಹೊಣೆಗಾರ ಇಬ್ಬರೂ ಸಹಿ ಮಾಡಬೇಕು, ಈ ಕ್ರಮ ತಪ್ಪಿದರೆ ಪರೀಕ್ಷಾ ವರದಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

1978ರ ತಿದ್ದುಪಡಿ ಇಲ್ಲಿ ಹೆಚ್ಚು ಮಾತಿಗೆ ತಕ್ಕುದಲ್ಲ. 1988ರದು ಮಂಡಳಿಯ ಸ್ವರೂಪವನ್ನೇ ಬದಲಿಸಿತು. ಘಟಕ ಸ್ಥಾಪಿಸುವ ಮೊದಲೇ ಮಂಡಳಿಯ ಸಮ್ಮತಿ ಕಡ್ಡಾಯವಾಯಿತು. ಹೊಸ 33ಎ ಸೆಕ್ಷನ್ ಘಟಕ ಮುಚ್ಚಿಸುವ, ವಿದ್ಯುತ್ತು ಮತ್ತು ನೀರಿನ ಪೂರೈಕೆ ಕಡಿಸುವ ಅಧಿಕಾರ ನೀಡಿತು. ಇದೇ ಸೆಕ್ಷನ್ ಮಂಡಳಿಗೆ ಪರಿಹಾರದ ಹಣ ವಸೂಲಿ ಮಾಡುವ ಅಧಿಕಾರವನ್ನೂ ಕೊಡುತ್ತದೆಯೇ ಎಂಬ ವಿವಾದ ಬಹುಕಾಲ ಉಳಿದು, ದೆಹಲಿ ಹೈಕೋರ್ಟ್ ಇಲ್ಲವೆಂದಿದ್ದುದನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತಳ್ಳಿಹಾಕಿ, ಅದಕ್ಕೆ ತಕ್ಕ ನಿಯಮಗಳು ರಚನೆಯಾಗಬೇಕೆಂಬ ಷರತ್ತಿನೊಡನೆ ಮಂಡಳಿಗಳ ಅಧಿಕಾರವನ್ನು ಎತ್ತಿಹಿಡಿಯಿತು.

ವಾಯು ಕಾಯ್ದೆ (1981) ಮತ್ತು ಪರಿಸರ ಸಂರಕ್ಷಣಾ ಕಾಯ್ದೆ (1986) ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಂಬಂಧಿಸಿದ 253ನೆಯ ವಿಧಿಯನ್ನು ಆಧರಿಸಿದ್ದರಿಂದ ಅವುಗಳ ಶಿಕ್ಷೆಗಳನ್ನು ಸಂಸತ್ತು 2023ರ ಜನ ವಿಶ್ವಾಸ್ ಕಾಯ್ದೆಯಲ್ಲಿಯೇ ಸಡಿಲಿಸಿತು. ಜಲ ಕಾಯ್ದೆಗೆ ಮಾತ್ರ ರಾಜ್ಯಗಳ ನಿರ್ಣಯ ಬೇಕಾಗಿ, ಹಿಮಾಚಲ ಪ್ರದೇಶ ಮತ್ತು ರಾಜಸ್ಥಾನಗಳ ಕೋರಿಕೆಯ ಮೇಲೆ 2024ರ ಫೆಬ್ರವರಿಯಲ್ಲಿ ಪ್ರತ್ಯೇಕ ತಿದ್ದುಪಡಿ ಬಂದಿತು. ಹಲವು ಉಲ್ಲಂಘನೆಗಳಿಗೆ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡ ನಿಗದಿಯಾಯಿತು; ಸಮ್ಮತಿಯಿಲ್ಲದೆ ಘಟಕ ನಡೆಸುವವರಿಗೆ ಸೆರೆವಾಸ ಉಳಿಯಿತು. ಪತ್ರಿಕೆಗಳ ಗಮನ ದಂಡದ ಮೇಲೆ ನೆಟ್ಟಿತಾದರೂ ಹೆಚ್ಚು ತೂಕದ ಬದಲಾವಣೆ ಬೇರೆ ಕಡೆ ಇದೆ: ರಾಜ್ಯ ಮಂಡಳಿಯ ಅಧ್ಯಕ್ಷರ ನಾಮಕರಣದ ವಿಧಾನವನ್ನು ಗೊತ್ತುಪಡಿಸುವ ಹಾಗೂ ಕೆಲವು ಬಗೆಯ ಕೈಗಾರಿಕೆಗಳಿಗೆ ಸಮ್ಮತಿಯಿಂದ ವಿನಾಯಿತಿ ನೀಡುವ ಅಧಿಕಾರ ಕೇಂದ್ರದ ಕೈಗೆ ಹೋಯಿತು. ಅಧ್ಯಕ್ಷರ ಅರ್ಹತೆಯ ನಿಯಮ ರಚಿಸುವಂತೆ 2017ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ್ದು ರಾಜ್ಯಗಳಿಗೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ತಿದ್ದುಪಡಿಯನ್ನು ವಿಧಾನಮಂಡಲ ಅಂಗೀಕರಿಸದ ರಾಜ್ಯದಲ್ಲಿ ಹಳೆಯ ಕಾಯ್ದೆಯೇ ಮುಂದುವರಿಯುತ್ತದೆ.