ದೊಡ್ಡರೋಗವೂ ಅಡಿಗೆಮನೆಯ ಮದ್ದೂ

ದನಗಳಿಗೆ ಬರುತ್ತಿದ್ದ ಬೇನೆಗಳಲ್ಲೆಲ್ಲ ಘೋರವಾದುದು ದೊಡ್ಡರೋಗ. ಪಾಶ್ಚಾತ್ಯರು ಅದನ್ನು ರಿಂಡರ್‌ಪೆಸ್ಟ್ ಎಂದು ಕರೆದರು. ಜ್ವರ, ಬಾಯಿಹುಣ್ಣು, ಭೇದಿ, ಕೊನೆಗೆ ಸಾವು. ಅದು ಹೊಕ್ಕ ಊರಿನಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು.

ನಾಟಿಮದ್ದನ್ನು ನಂಬುವವರು ನಮ್ಮ ಹಳ್ಳಿಗರು ಮಾತ್ರ ಎಂದು ತಿಳಿಯುವವರುಂಟು. ಆದರೆ 1865ರಲ್ಲಿ ಈ ಮಾರಿ ಇಂಗ್ಲೆಂಡಿಗೆ ಬಂದಾಗ ಅಲ್ಲಿನವರೂ ಈರುಳ್ಳಿಯ ಮೊರೆಹೊಕ್ಕರು. ಈರುಳ್ಳಿ ಸೋತಿತು. ರೋಗ ತಗಲಿದ ದನಗಳನ್ನು ಕೊಲ್ಲಬೇಕೆಂದು 1866ರಲ್ಲಿ ಕಾನೂನು ಮಾಡಿದ ಮೇಲೆಯೇ ಅದು ಹಿಮ್ಮೆಟ್ಟಿತು.

ಆ ಉಪಾಯ ನಮ್ಮಲ್ಲಿ ನಡೆಯುವಂತಿರಲಿಲ್ಲ. ಬೇರೆ ದಾರಿಯೊಂದಿತ್ತು: ಒಮ್ಮೆ ರೋಗ ಬಂದು ಬದುಕಿದ ದನಕ್ಕೆ ಅದು ಮತ್ತೆ ಬಾರದು. ಅಂಥ ದನದ ರಕ್ತದಿಂದ ತೆಗೆದ ಸೀರಂ ಇತರ ದನಗಳನ್ನು ಸ್ವಲ್ಪ ಕಾಲ ಕಾಯಬಲ್ಲದು. ಇದನ್ನು ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಅದೇ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ, ಅದರ ಉಗ್ರತೆಯನ್ನು ಇಳಿಸಿ ಲಸಿಕೆ ಮಾಡಿದರು. ಮುಂದೆ ಪ್ಲೌರೈಟರ ಲಸಿಕೆ ಬಂದಿತು. ಭಾರತದಲ್ಲಿ ಈ ರೋಗ ಕೊನೆಯ ಬಾರಿ ಕಂಡುದು 1995ರಲ್ಲಿ. 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು.

ಹಾಗಾದರೆ ಗಿಡಮೂಲಿಕೆಗೆ ಹೆಸರು ಬಂದುದು ಹೇಗೆ? ಕಾಲುಬಾಯಿ ರೋಗವನ್ನು ನೋಡಿ. ಅದು ತಗಲಿದ ದೊಡ್ಡ ದನಗಳಲ್ಲಿ ಹೆಚ್ಚಿನವು ಎರಡು ಮೂರು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಆ ವೇಳೆಗೆ ಕೊಟ್ಟ ಮದ್ದಿಗೆಲ್ಲ ಕೀರ್ತಿ! ಗಿಡದ ಸಾರ ಗಾಜಿನ ನಳಿಕೆಯಲ್ಲಿ ವೈರಸ್ಸನ್ನು ತಡೆದರೂ, ಹಸುವಿನ ಒಡಲಿನಲ್ಲಿ ಹಾಗೆಯೇ ಮಾಡೀತೆಂದು ಹೇಳಲಾಗದು. ಮದ್ದು ಕೊಟ್ಟ ದನಗಳನ್ನೂ ಕೊಡದ ದನಗಳನ್ನೂ ಒಟ್ಟಿಗೆ ಇಟ್ಟು ನೋಡದೆ ತೀರ್ಪು ಸಲ್ಲದು.

ಆದರೂ ಮದ್ದನ್ನು ತಿರಸ್ಕರಿಸಬೇಕಾಗಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ, ಹತ್ತು ವೀಳ್ಯದೆಲೆ, ಹತ್ತು ಗ್ರಾಂ ಮೆಣಸು, ಹತ್ತು ಗ್ರಾಂ ಉಪ್ಪನ್ನು ಅರೆದು ಬೆಲ್ಲದೊಡನೆ ತಿನ್ನಿಸಬೇಕೆಂದು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿತು. ಗಾಯಕ್ಕೆ ಬೇವು, ಅರಿಸಿನ, ಎಣ್ಣೆಯ ಲೇಪ. ಅದೇ ವೇಳೆಗೆ ಆಡಿನ ಸಿಡುಬಿನ ಲಸಿಕೆಯನ್ನೂ ದನಗಳಿಗೆ ಹಾಕಲಾಯಿತು. ಗಾಯಕ್ಕೆ ನೊಣ ಮುತ್ತದಿದ್ದರೆ, ದನ ನಾಲ್ಕು ತುತ್ತು ಮೇವು ತಿಂದರೆ, ರೋಗದೊಡನೆ ಹೋರಾಡಲು ಅದರ ಮೈಗೆ ಅಷ್ಟು ಬಲ ಬಂದಂತೆ.

ಉಪಚಾರ ಬೇರೆ, ತಡೆ ಬೇರೆ. ಅರೆಯುವ ಕಲ್ಲು ಮೊದಲನೆಯದಕ್ಕೆ ಸಾಕು. ಎರಡನೆಯದನ್ನೂ ಅದರಿಂದಲೇ ಬಯಸಿದರೆ ಬೆಲೆ ತೆರುವುದು ಮೂಕಪ್ರಾಣಿ.