ನಿಂತ ಮೀಟರ್, ಬೀದರ್ ದಾರಿಯ ಲೆಕ್ಕ

ನಮ್ಮ ಬೈಕಿನ ಮೀಟರ್ 61,482ರ ಮೇಲೆ ನಿಂತು ಎರಡು ವರ್ಷ ಆಗಿತ್ತು. ಅಪ್ಪ 1999ರಲ್ಲಿ ಕೊಂಡಿದ್ದ ನೂರು ಸಿಸಿ ಬೈಕು. ಅಪ್ಪನ ನಂತರ ನಮ್ಮ ಕೈಗೆ ಬಂತು. ಸುದ್ದಿಗಾಗಿ ವಾರಕ್ಕೆ ಮೂರು ದಿನ ಬೀದರ್‌ನಿಂದ ಒಮ್ಮೆ ಭಾಲ್ಕಿಗೆ, ಒಮ್ಮೆ ಔರಾದಿಗೆ ಓಡುತ್ತಿದ್ದೆವು. ಮುಳ್ಳು ಸೊನ್ನೆಯ ಮೇಲೆ ಮಲಗಿದ್ದರೂ ಬೈಕು ಓಡುತ್ತಿತ್ತು. ಹಾಗಾಗಿ ರಿಪೇರಿ ಮಾಡಿಸುವ ಗೋಜಿಗೆ ಹೋಗಲಿಲ್ಲ.

ಬೈಕು ಮಾರಬೇಕು ಅಂತ ತೀರ್ಮಾನ ಆದ ಮೇಲೆ ಮೀಟರ್ ನೆನಪಾಯಿತು. ಔರಾದ್ ತಾಲೂಕಿನ ಒಬ್ಬ ಹುಡುಗ ಕೇಳಿದ್ದ. ಮನೆಮನೆಗೆ ಹಾಲು ಹಾಕುವವನು. ಫೋನಿನಲ್ಲಿ ಅವನ ಮೊದಲ ಪ್ರಶ್ನೆಯೇ ಅದು: "ಅಣ್ಣಾ, ಗಾಡಿ ಎಷ್ಟ ಓಡ್ಯಾದ?"

ಬೀದರ್‌ನ ಹಳೆ ಊರಿನಲ್ಲಿ, ಚೌಬಾರಾ ಹತ್ತಿರ ನಮಗೆ ಗೊತ್ತಿದ್ದ ಒಬ್ಬ ಹಳೆ ಮಿಸ್ತ್ರಿ ಇದ್ದಾರೆ. ನಾವು ಚಾಚಾ ಅಂತೇವೆ. ಬೈಕು ನೋಡಿ ಅವರು ಕೇಳಿದ್ದು ಇಷ್ಟೇ: "ಹೊಸಾ ಮೀಟರ್ ಹಾಕ್ತೀನಿ ಬೇಟಾ. ನಂಬರ್ ಎಷ್ಟಕ್ಕ ಇಡಲಿ? ಸೊನ್ನಿಗೆ ಇಡಲೇನು?"

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. "ನಾಳೆ ಹೇಳ್ತೀನಿ ಚಾಚಾ" ಅಂತ ಹೇಳಿ ಬಂದೆವು. ದಾರಿಯ ಲೆಕ್ಕ ಇಡುವ ಈ ಡಬ್ಬಿ ನಮ್ಮ ಕಡೆಗೆ ಹೇಗೆ ಬಂತು, ಅದಕ್ಕೂ ಮೊದಲು ಜನ ದೂರವನ್ನು ಹೇಗೆ ಅಳೆಯುತ್ತಿದ್ದರು ಅಂತ ಹುಡುಕಿದ್ದು ಆಮೇಲೆ.

ಹರದಾರಿ, ಮೈಲಿ, ಕಿಲೋಮೀಟರ್

ನಮ್ಮ ಹಿರಿಯರಿಗೆ ದೂರ ಅಂದರೆ ಹರದಾರಿ. ಒಂದು ಹರದಾರಿ ಸುಮಾರು ಮೂರು ಮೈಲಿ. ಉರ್ದು, ದಖನಿ ಮಾತಾಡುವವರ ಬಾಯಲ್ಲಿ ಕೋಸ್, ಅದು ಸುಮಾರು ಎರಡು ಮೈಲಿ. ಎರಡೂ ಕಾಲಿನ ಲೆಕ್ಕ, ಎತ್ತಿನ ಬಂಡಿಯ ಲೆಕ್ಕ. ಬೀದರ್‌ನಿಂದ ಭಾಲ್ಕಿ ಇವತ್ತಿನ ಲೆಕ್ಕದಲ್ಲಿ ಸುಮಾರು 40 ಕಿಲೋಮೀಟರ್. ಮೈಲಿಯಲ್ಲಿ ಹೇಳಿದರೆ 25, ಹರದಾರಿಯಲ್ಲಿ ಎಂಟು. ಬೆಳಗಿನ ಜಾವ ಬಂಡಿ ಹೂಡಿದವರಿಗೆ ಅದು ಇಡೀ ದಿನದ ದಾರಿ.

ಆಗ ಬೀದರ್ ಇದ್ದದ್ದು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ಸರ್ಕಾರಿ ಬಸ್ ಸೇವೆ ಶುರು ಮಾಡಿತು. ಬಸ್ಸಿಗೆ ಟಿಕೇಟು, ಇಂಧನ, ವೇಳಾಪಟ್ಟಿ ಎಲ್ಲಕ್ಕೂ ದೂರದ ಲೆಕ್ಕ ಬೇಕು. ಸರ್ಕಾರಿ ಕಾಗದದಲ್ಲಿ ಮೈಲಿ ನಡೆಯುತ್ತಿತ್ತು, ಹಳ್ಳಿಯಲ್ಲಿ ಹರದಾರಿಯೇ ಉಳಿದಿತ್ತು.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಆ ರಾಜ್ಯ ಒಡೆಯಿತು. ಹಳೆ ಬೀದರ್ ಜಿಲ್ಲೆಯೂ ಒಡೆಯಿತು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು.

ಅದೇ 1956ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಇರಬೇಕು ಅಂತ ತೂಕ ಮತ್ತು ಅಳತೆಯ ಕಾನೂನು ಬಂತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸೇರು ಹೋಗಿ ಕಿಲೋ ಬಂತು. ಮೈಲಿ ಹೋಗಿ ಕಿಲೋಮೀಟರ್ ಬಂತು. ದಾರಿ ಬದಿಯ ಮೈಲಿಗಲ್ಲುಗಳ ಜಾಗಕ್ಕೆ ಕಿಲೋಮೀಟರ್ ಕಲ್ಲುಗಳು ಬಂದವು. ನಾವು ಮಾತ್ರ ಇವತ್ತಿಗೂ ಅದನ್ನು ಮೈಲಿಗಲ್ಲು ಅಂತಲೇ ಕರೆಯುತ್ತೇವೆ.

ಸ್ವಲ್ಪ ಯೋಚಿಸಿ. ಹತ್ತು ವರ್ಷದ ಒಳಗೆ ನಮ್ಮ ಅಜ್ಜಂದಿರ ರಾಜ್ಯ ಬದಲಾಯಿತು, ರೊಕ್ಕ ಬದಲಾಯಿತು, ತೂಕ ಬದಲಾಯಿತು, ದಾರಿಯ ಅಳತೆಯೂ ಬದಲಾಯಿತು. ದಾರಿ ಮಾತ್ರ ಅದೇ ಇತ್ತು.

ಮುಟ್ಟದೆ ತಿರುಗಿಸುವ ಡಬ್ಬಿ

ಇನ್ನು ಮೀಟರಿನ ಕತೆ. ಹಳೆ ಬೈಕುಗಳಲ್ಲಿ ಇರುವ ಮುಳ್ಳಿನ ಮೀಟರಿನ ಮೂಲ ಉಪಾಯ ಜರ್ಮನಿಯ ಒಟ್ಟೊ ಶುಲ್ಟ್ಸೆ ಅನ್ನುವ ಎಂಜಿನಿಯರ್‌ನದು. ಅವನು ಅದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ.

ಅದು ಕೆಲಸ ಮಾಡುವುದು ಹೀಗೆ. ಮುಂದಿನ ಗಾಲಿಯ ಡ್ರಮ್ಮಿನಲ್ಲಿ ಒಂದು ಸಣ್ಣ ಗೇರ್ ಇರುತ್ತದೆ. ಗಾಲಿ ತಿರುಗಿದರೆ ಅದೂ ತಿರುಗುತ್ತದೆ, ಕೇಬಲ್ ಒಳಗಿನ ತಂತಿಯನ್ನೂ ತಿರುಗಿಸುತ್ತದೆ. ತಂತಿಯ ಮೇಲಿನ ತುದಿಯಲ್ಲಿ, ಮೀಟರ್ ಒಳಗೆ, ಒಂದು ಅಯಸ್ಕಾಂತ. ಅದರ ಮೇಲೆ ಟೋಪಿ ಹಾಕಿದ ಹಾಗೆ ಒಂದು ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆದರೆ ಅಯಸ್ಕಾಂತ ಗರಗರ ತಿರುಗಿದಾಗ ಬಟ್ಟಲಿನಲ್ಲಿ ಸಣ್ಣ ವಿದ್ಯುತ್ ಹುಟ್ಟಿ, ಬಟ್ಟಲೂ ಅದರ ಹಿಂದೆ ತಿರುಗಲು ನೋಡುತ್ತದೆ. ಕೂದಲಿನಂಥ ಒಂದು ಸ್ಪ್ರಿಂಗ್ ಅದನ್ನು ತಡೆದು ಹಿಡಿಯುತ್ತದೆ. ಗಾಲಿ ಜೋರಾದಷ್ಟೂ ಬಟ್ಟಲು ಹೆಚ್ಚು ವಾಲುತ್ತದೆ, ಬಟ್ಟಲಿಗೆ ಅಂಟಿದ ಮುಳ್ಳೂ ವಾಲುತ್ತದೆ. ಅದೇ ನಮ್ಮ 40, 60.

ಕಿಲೋಮೀಟರ್ ಅಂಕಿಗಳದು ಬೇರೆ ಕೆಲಸ. ಅಲ್ಲಿ ಅಯಸ್ಕಾಂತ ಇಲ್ಲ. ಅದೇ ತಂತಿ ಹಲ್ಲುಗಾಲಿಗಳನ್ನು ತಿರುಗಿಸಿ ಅಂಕಿ ಏರಿಸುತ್ತದೆ. ಹಾಗಾಗಿ ಕೆಲವು ಬೈಕುಗಳಲ್ಲಿ ಮುಳ್ಳು ಸತ್ತಿದ್ದರೂ ಅಂಕಿ ಓಡುತ್ತಿರುತ್ತದೆ. ಎರಡೂ ಒಟ್ಟಿಗೆ ನಿಂತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನಲ್ಲೋ ಡ್ರಮ್ಮಿನ ಗೇರಿನಲ್ಲೋ ಇರುತ್ತದೆ.

ನಮ್ಮ ರಾಜ್ಯದ ಬೈಕು, ಹಳ್ಳಿಯ ಬೈಕು

ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷಕ್ಕೆ, 1961ರಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಬೈಕು ಹೊರಬಂತು. ಅದರ ಮೀಟರ್ ಹೆಡ್‌ಲೈಟ್ ಡೂಮಿನಲ್ಲೇ ಕೂತಿರುತ್ತಿತ್ತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು, ಅದೇ ವರ್ಷ ಜಾವಾ ಯೆಜ್ಡಿ ಆಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಬೈಕು ಅಂದರೆ ಗೌಡರ ಮನೆಯದು, ಇಲ್ಲವೇ ಸಾಹೇಬರದು.

ಅದು ಬದಲಾಗಲು ಶುರುವಾದದ್ದು 1985ರಿಂದ. ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಾದ ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100 ಎರಡೂ ಆ ವರ್ಷವೇ ಬಂದವು. 1994ರಲ್ಲಿ ಸ್ಪ್ಲೆಂಡರ್ ಬಂತು. ಕೊಯಮತ್ತೂರಿನ ಪ್ರಿಕಾಲ್‌ನಂಥ ಕಂಪನಿಗಳು ದೇಶದೊಳಗೇ ಮೀಟರ್ ತಯಾರಿಸತೊಡಗಿದ್ದವು. ನಾಲ್ಕು ಸ್ಟ್ರೋಕಿನ ಬೈಕು ಪೆಟ್ರೋಲ್ ಕಡಿಮೆ ಕುಡಿಯುತ್ತಿತ್ತು. ಮಾಸ್ತರರು, ಕಿರಾಣಿ ಅಂಗಡಿಯವರು, ಆಮೇಲೆ ರೈತರು, ಹಾಲಿನವರು ಕೊಂಡರು.

ಆಗ ಮೀಟರಿಗೆ ಹೊಸ ಕೆಲಸ ಬಂತು. ಅಂಥ ಬಹಳಷ್ಟು ಬೈಕುಗಳಿಗೆ ಪೆಟ್ರೋಲ್ ಮುಳ್ಳು ಇರಲಿಲ್ಲ. ಟಾಕಿ ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳುವುದು, ರಿಸರ್ವ್‌ಗೆ ಬಂದಾಗ ಮತ್ತೆ ನೋಡುವುದು, ಭಾಗಿಸಿ 'ಎವರೇಜ್' ತೆಗೆಯುವುದು. ಕಿಲೋಮೀಟರ್ ಅಂಕಿಯೇ ಪೆಟ್ರೋಲ್ ಮೀಟರ್ ಆಯಿತು. ಇದನ್ನು ನಾವು ಕಷ್ಟಪಟ್ಟು ಕಲಿತೆವು. ಮೀಟರ್ ನಿಂತ ಆ ಎರಡು ವರ್ಷದಲ್ಲಿ ಒಂದು ರಾತ್ರಿ ಸಂತಪೂರ ದಾಟಿದ ಮೇಲೆ ಪೆಟ್ರೋಲ್ ಖಾಲಿಯಾಗಿ, ಔರಾದ್ ಕಡೆಗೆ ಬೈಕು ತಳ್ಳಿಕೊಂಡು ನಡೆದೆವು. ಹರದಾರಿ ಅಂದರೆ ಎಷ್ಟು ಅಂತ ಆವತ್ತು ಕಾಲಿಗೆ ಗೊತ್ತಾಯಿತು.

ಕಾನೂನೂ ಬಂತು. 1989ರ ಜುಲೈ 1ರಿಂದ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾಯಿತು. ಬೈಕಿಗೆ ವೇಗ ತೋರಿಸುವ ಮೀಟರ್ ಇರಲೇಬೇಕು ಅಂತ ಅದರ ನಿಯಮ ಹೇಳುತ್ತದೆ. ಕೆಎ 38 ಬೀದರ್‌ಗೆ, ಕೆಎ 39 ಭಾಲ್ಕಿಗೆ ಬಂದದ್ದು ಈ ಹೊಸ ವ್ಯವಸ್ಥೆಯಲ್ಲೇ. ಹದಿನೈದು ವರ್ಷ ದಾಟಿದ ಬೈಕನ್ನು ಐದೈದು ವರ್ಷಕ್ಕೆ ತೋರಿಸಿ ನೋಂದಣಿ ನವೀಕರಿಸಬೇಕು. ಆದರೆ ಒಂದು ಮಾತು ಗಮನಿಸಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ. ಬೈಕು ಎಷ್ಟು ಓಡಿದೆ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಆ ಲೆಕ್ಕ ಇರುವುದು ಮೀಟರಿನಲ್ಲಿ ಮಾತ್ರ, ಆ ಮೀಟರನ್ನು ಯಾರು ಬೇಕಾದರೂ ಬಿಚ್ಚಬಹುದು.

ಅಪ್ಪನ ಡೈರಿ

ಆವತ್ತು ರಾತ್ರಿ ಅಪ್ಪನ ಹಳೆ ಡೈರಿಗಳನ್ನು ತೆಗೆದೆವು. ಪೆಟ್ರೋಲ್ ಲೆಕ್ಕ ಬರೆಯುವ ಚಟ ಅವರಿಗೆ. ತಾರೀಖು, ಲೀಟರ್, ಕಿಲೋಮೀಟರ್. ನಡುನಡುವೆ ಒಂದೊಂದು ಸಾಲು: 'ಭಾಲ್ಕಿ, ಅಕ್ಕನ ಹೆರಿಗೆ.' 'ಔರಾದ್ ಸಂತೆ, ಬೀಜ.' ಒಂದು ಪುಟದಲ್ಲಿ 99,940 ಅಂತ ಇತ್ತು. ಅದರ ಮುಂದಿನ ಸಾಲಿನಲ್ಲಿ 00,112.

ಐದೇ ಅಂಕಿಯ ಮೀಟರ್. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ನಮ್ಮ 61,482 ನಿಜಕ್ಕೂ 1,61,482. ಅದರ ಮೇಲೆ ಮೀಟರ್ ನಿಂತ ಎರಡು ವರ್ಷ. ವಾರಕ್ಕೆ ಮೂರು ಸಲ, ಹೋಗಿಬರುವುದು 80–90 ಕಿಲೋಮೀಟರ್. ಕಡಿಮೆ ಹಿಡಿದರೂ ಇಪ್ಪತ್ತೈದು ಸಾವಿರ. ಮೀಟರನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದು ಹೇಳುತ್ತಿದ್ದದ್ದು ನಿಜವಾದ ಓಟದ ಮೂರನೇ ಒಂದು ಭಾಗ.

ಹುಡುಗನಿಗೆ 61,482 ಅಂತಲೇ ಹೇಳಿಬಿಡಬಹುದಿತ್ತು. ಸುಳ್ಳು ಅನ್ನಲು ಯಾರಿಗೂ ಆಗುತ್ತಿರಲಿಲ್ಲ.

ರಿಪೇರಿ, ಮತ್ತು ಲೆಕ್ಕ

ಮರುದಿನ ಚಾಚಾ ಮೊದಲು ಮುಂದಿನ ಗಾಲಿ ಎತ್ತಿ, ಮೀಟರ್ ಕಡೆಯ ಕೇಬಲ್ ಬಿಚ್ಚಿ, ಗಾಲಿ ತಿರುಗಿಸಿ ನೋಡಿದರು. ತಂತಿ ತಿರುಗಲಿಲ್ಲ. ಕೆಳಗೆ ಬಿಚ್ಚಿದರೆ ಡ್ರಮ್ಮಿನ ಗೇರಿನ ಹಲ್ಲು ಸವೆದಿತ್ತು, ತಂತಿ ತುಂಡಾಗಿತ್ತು. ಬೀದರ್‌ನ ಕೆಂಪು ಧೂಳು, ಔರಾದ್ ಕಡೆಯ ಕರಿ ಮಣ್ಣಿನ ರಾಡಿ, ಎರಡೂ ಗ್ರೀಸಿನಲ್ಲಿ ಕಲೆತು ಗಟ್ಟಿಯಾಗಿದ್ದವು. ಮೀಟರಿನೊಳಗೂ ಮಳೆನೀರು ಹೋಗಿ ತುಕ್ಕು ಹಿಡಿದಿತ್ತು. ಹಾಗಾಗಿ ಮೂರೂ ಹೊಸದು.

ಅವರು ಹೇಳಿದ ಎರಡು ಮಾತು ನಿಮಗೂ ಉಪಯೋಗಕ್ಕೆ ಬರುತ್ತವೆ. ಒಂದು, ಮೊದಲು ಕೇಬಲ್ ಮತ್ತು ಗೇರ್ ನೋಡಿ, ಮೀಟರ್ ಕೊನೆಗೆ. ಕೇಬಲ್ಲಿನ ರಿಪೇರಿಗೆ ಹೊಸ ಮೀಟರಿನ ರೊಕ್ಕ ಸುರಿಯಬೇಡಿ. ಎರಡು, ಬೇರೆ ಮಾಡೆಲ್‌ನ ಮೀಟರ್ ಕೂತರೂ ಹಾಕಿಸಬೇಡಿ. ಗಾಲಿಯ ಅಳತೆ, ಗೇರಿನ ಲೆಕ್ಕ ಬೇರೆಯಾದರೆ ವೇಗವೂ ತಪ್ಪು, ಕಿಲೋಮೀಟರೂ ತಪ್ಪು.

ಹೊಸ ಮೀಟರ್ ಸರಿ ಇದೆಯೋ ಇಲ್ಲವೋ ನೋಡಲು ದಾರಿಯ ಕಲ್ಲೇ ಸಾಕು. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು. ಮುಳ್ಳನ್ನು 40ರ ಮೇಲೆ ಹಿಡಿದು ಓಡಿಸಿ, ಹಿಂದೆ ಕೂತವರು ಗಡಿಯಾರ ನೋಡಲಿ. ಒಂದು ಕಲ್ಲಿನಿಂದ ಮುಂದಿನ ಕಿಲೋಮೀಟರ್ ಕಲ್ಲಿಗೆ 90 ಸೆಕೆಂಡ್ ಹಿಡಿಯಬೇಕು. ಹತ್ತು ಕಲ್ಲು ದಾಟಿದರೆ ಅಂಕಿಯೂ ಹತ್ತು ಏರಬೇಕು. ನಾವು ಜನವಾಡ ದಾರಿಯಲ್ಲಿ ನೋಡಿದೆವು, ಸರಿ ಬಂತು.

ನಂಬರ್ ಮಾತ್ರ ಅದೇ ಇಡಿಸಿದೆವು, 61,482. ಆರ್‌ಸಿ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ ಹಾಕಿದೆವು: ಮೀಟರ್ ಬದಲಿಸಿದ ತಾರೀಖು, ಹಳೆ ನಂಬರ್, 'ಒಂದು ಸಲ ಲಕ್ಷ ದಾಟಿದೆ', 'ಎರಡು ವರ್ಷ ಮೀಟರ್ ಬಂದ್ ಇತ್ತು, ಅಂದಾಜು 25 ಸಾವಿರ ಸೇರಿಸಿ'.

ಹುಡುಗ ಬಂದ. ಚೀಟಿ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಎಂಜಿನ್ ಕೆಲಸ ಬರ್ತದಲ್ರೀ ಅಣ್ಣಾ" ಅಂದ. ಹೌದು ಅಂದೆವು. ಮೂರು ಸಾವಿರ ಕಡಿಮೆ ಮಾಡಿದ. ಆ ಮೂರು ಸಾವಿರ ನಮಗೂ ಸಣ್ಣದಲ್ಲ, ಸ್ಟ್ರಿಂಗರ್ ಕೆಲಸದ ಕಮಾಯಿ ಎಷ್ಟು ಅಂತ ನಿಮಗೆ ಗೊತ್ತು. ಆದರೆ ಅವನು ಬೆಳಗಿನ ಐದು ಗಂಟೆಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವನು. ಎಂಜಿನ್ ನಡುದಾರಿಯಲ್ಲಿ ಕೈ ಕೊಟ್ಟರೆ ಆ ದಿನದ ಹಾಲು ಕೆಡುತ್ತದೆ.

ಈಗಿನ ಅನೇಕ ಬೈಕುಗಳಲ್ಲಿ ಕೇಬಲ್ ಇಲ್ಲ, ಸೆನ್ಸರ್ ಇದೆ. ಅಂಕಿ ಪರದೆಯ ಮೇಲೆ ಬರುತ್ತದೆ. ಅದನ್ನೂ ತಿದ್ದುವವರು ಇದ್ದಾರೆ. ಅದಕ್ಕೇ ನಿಮ್ಮಲ್ಲಿ ಒಂದು ಮಾತು. ಮೀಟರ್ ಬದಲಿಸುವ ದಿನ ಹಳೆ ಮೀಟರಿನ ಒಂದು ಫೋಟೋ ಹೊಡೆದು, ತಾರೀಖು ಸಮೇತ ನಂಬರ್ ಬರೆದು ಆರ್‌ಸಿ ಜೊತೆ ಇಡಿ. ಹಳೆ ಬೈಕು ಕೊಳ್ಳುವಾಗ ಆ ಚೀಟಿ ಕೇಳಿ. ಇಲ್ಲ ಅಂದರೆ ಮೀಟರಿನ ಅಂಕಿ ಬಿಟ್ಟು ಎಂಜಿನ್ ಶಬ್ದ, ಚೈನು, ಫುಟ್‌ರೆಸ್ಟ್ ರಬ್ಬರ್ ನೋಡಿ ಬೆಲೆ ಕಟ್ಟಿ.

ಬೈಕು ಹೋಯಿತು. ಅಪ್ಪನ ಡೈರಿ ನಮ್ಮಲ್ಲೇ ಇದೆ.